ವಿಕಥೆಯೋ ಸತ್ಕಥೆಯೋ: ಕೃಷ್ಣಾ-ಘಟಪ್ರಭೆಗಳ ನಡುವಿನ ನಾಡಿನಲ್ಲಿ ಪ್ರಣಯ ಮತ್ತು ಕುತೂಹಲದ ಕಥನ

ಕುಂದಕುಂದಾಚಾರ್ಯರು ನಿಯಮಸಾರದಲ್ಲಿ ವಚನಗುಪ್ತಿಯ ಸ್ವರೂಪವನ್ನು ನಿರೂಪಿಸುವಾಗ ಪಾಪಕ್ಕೆ ಕಾರಣವಾಗುವ ಮಾತುಗಳನ್ನು ಹೆಸರಿಸಿ ಬಿಡಬೇಕೆನ್ನುತ್ತಾರೆ. ಅವು ಸ್ತ್ರೀಕಥೆ, ರಾಜಕಥೆ, ಚೋರಕಥೆ, ಭಕ್ತಕಥೆ. ಕೊನೆಯದು ಊಟೋಪಚಾರದ ಮಾತು. ಜೈನ ಪರಂಪರೆ ಇವನ್ನು ಒಟ್ಟಾಗಿ ವಿಕಥೆಗಳೆಂದು ಕರೆದಿದೆ. ಈ ಪಟ್ಟಿಯನ್ನು ಇಂದಿನ ಓದುಗನ ಕೈಗೆ ಕೊಟ್ಟರೆ ಪುಸ್ತಕದಂಗಡಿಯಲ್ಲಿ ಹೆಚ್ಚು ಮಾರಾಟವಾಗುವ ಎರಡು ಬಗೆಯ ಕಾದಂಬರಿಗಳು ಅದರಲ್ಲೇ ಸಿಗುತ್ತವೆ. ಸ್ತ್ರೀಕಥೆಯೆಂದರೆ ಪ್ರಣಯಕಾದಂಬರಿ, ಚೋರಕಥೆಯೆಂದರೆ ಪತ್ತೇದಾರಿ ಕಾದಂಬರಿ. ಶಾಸ್ತ್ರವು ಹೀಗೆ ಬೆರಳಿಟ್ಟು ನಿಷೇಧಿಸಿದ ಮೇಲೂ ಕನ್ನಡದಲ್ಲಿ ಪ್ರಣಯವನ್ನೂ ಕಳವನ್ನೂ ಕುತೂಹಲವನ್ನೂ ಕಥೆಯಾಗಿ ಕಟ್ಟಿದವರಲ್ಲಿ ಮೊದಲಿಗರು ಜೈನ ಕವಿಗಳೇ ಆಗಿದ್ದಾರೆ. ಈ ವಿರೋಧವನ್ನು ಅವರು ಹೇಗೆ ನಿಭಾಯಿಸಿದರು, ಯಾರು ಗೆದ್ದರು, ಯಾರು ಸೋತರು ಎಂಬುದು ಪರಿಶೀಲನೆಗೆ ಯೋಗ್ಯವಾದ ವಿಷಯ. ಆ ಪರಿಶೀಲನೆಗೆ ತಕ್ಕ ನೆಲೆ ಇಂದಿನ ಬಾಗಲಕೋಟೆ ಜಿಲ್ಲೆಯ ಪಶ್ಚಿಮ ಭಾಗ.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಎರಡೂ ಪೂರ್ವಕ್ಕೆ ಹರಿದು ಚಿಕ್ಕಸಂಗಮದಲ್ಲಿ ಕೂಡುತ್ತವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಈ ಎರಡು ನದಿಗಳ ನೀರುಂಡ ಊರುಗಳು. ಮುಧೋಳವೇ ರನ್ನನ ಮುದುವೊಳಲು. ಬೆಳುಗಲಿ ಐನೂರರ ಜಂಬುಖಂಡಿ ಎಪ್ಪತ್ತರಲ್ಲಿ ತನ್ನ ಊರಿತ್ತೆಂದು ಕವಿಯೇ ಹೇಳಿಕೊಂಡಿದ್ದಾನೆ. ಜಂಬುಖಂಡಿ ಇಂದಿನ ಜಮಖಂಡಿ. ಬೆಳುಗಲಿಯು ಕವಿಯ ಹೆಸರನ್ನೇ ಹೊತ್ತು ರನ್ನಬೆಳಗಲಿಯಾಗಿದೆ. ಬಳೆಗಾರ ಜಿನವಲ್ಲಭ ಮತ್ತು ಅಬ್ಬಲಬ್ಬೆಯರ ಮಗನಾಗಿ 949ರಲ್ಲಿ ಹುಟ್ಟಿದ ಈತ ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯ ಮತ್ತು ಅತ್ತಿಮಬ್ಬೆಯರ ಆಶ್ರಯ ಪಡೆದು, ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಗಳಿಸಿದ.

ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿದ. ಅದು ಆಗಮಿಕ ಕಾವ್ಯ. ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆದ ಸಾಹಸಭೀಮವಿಜಯ, ಅಂದರೆ ಗದಾಯುದ್ಧ, ಲೌಕಿಕ ಕಾವ್ಯ. ಪಂಪನು ವಿಕ್ರಮಾರ್ಜುನ ವಿಜಯದ ಹದಿಮೂರನೆಯ ಆಶ್ವಾಸದಲ್ಲಿ ಹೇಳಿ ಮುಗಿಸಿದ ಕಥಾಭಾಗವನ್ನು ರನ್ನನು ಇಡೀ ಕಾವ್ಯವಾಗಿ ಬೆಳೆಸಿದ್ದಾನೆ. ಯುದ್ಧದ ಕೊನೆಯ ದಿನವನ್ನು ಹಿಡಿದು, ಹಿಂದೆ ನಡೆದುದನ್ನು ಸಿಂಹಾವಲೋಕನ ಕ್ರಮದಲ್ಲಿ ತಿರುತಿರುಗಿ ನೋಡುತ್ತ ಸಾಗುವುದು ಇದರ ಬಗೆ. ಕುತೂಹಲಕಥನದ ದೃಷ್ಟಿಯಿಂದ ಈ ಕಾವ್ಯ ಒಂದು ಮುಖ್ಯ ಪ್ರಶ್ನೆಯನ್ನು ಎತ್ತುತ್ತದೆ. ದುರ್ಯೋಧನನ ತೊಡೆ ಮುರಿಯುವುದು ಪ್ರತಿಯೊಬ್ಬ ಓದುಗನಿಗೂ ಮೊದಲೇ ಗೊತ್ತು. ಗೊತ್ತಿರುವ ಅಂತ್ಯದ ಕಡೆಗೆ ನಡೆಯುವ ಕಥೆಯಲ್ಲಿ ಉಸಿರು ಬಿಗಿಹಿಡಿಯುವುದೇಕೆ?

ಉತ್ತರ ವೈಶಂಪಾಯನ ಸರೋವರದ ಪ್ರಕರಣದಲ್ಲಿದೆ. ಭೀಷ್ಮರ ಮಾತಿನಂತೆ ಕೌರವನು ನೀರಿನೊಳಗೆ ಅಡಗಿದ್ದಾನೆ. ಹುಡುಕುವವರು ದಡದಲ್ಲಿದ್ದಾರೆ. ಭೀಮನ ಗರ್ಜನೆ ಕೇಳಿ ನೀರಿನಲ್ಲಿ ಮುಳುಗಿರುವವನೂ ಬೆವರುತ್ತಾನೆ. ಏನಾಗುವುದೆಂಬುದು ಇಲ್ಲಿ ಪ್ರಶ್ನೆಯೇ ಅಲ್ಲ; ಅಭಿಮಾನಧನನಾದವನು ಅಡಗುದಾಣದಲ್ಲಿ ಎಷ್ಟು ಹೊತ್ತು ತಾಳಬಲ್ಲನೆಂಬುದು ಪ್ರಶ್ನೆ. ಕುತೂಹಲವು ಘಟನೆಯಿಂದ ಸ್ವಭಾವಕ್ಕೆ ಸರಿದಿದೆ. ಇಂದಿನ ರೋಚಕ ಕಾದಂಬರಿಗಳಲ್ಲಿ ಬಹುಪಾಲು ಎರಡನೆಯ ಓದಿಗೆ ನಿಲ್ಲುವುದಿಲ್ಲ, ಏಕೆಂದರೆ ಕೊಲೆಗಾರನ ಹೆಸರು ತಿಳಿದ ಮೇಲೆ ಅವುಗಳಲ್ಲಿ ತಿಳಿಯುವುದೇನೂ ಉಳಿಯದು. ಮೊದಲ ಓದಿಗೂ ಮುನ್ನವೇ ಅಂತ್ಯ ತಿಳಿದಿರುವ ಗದಾಯುದ್ಧವು ಸಾವಿರ ವರ್ಷಗಳಿಂದ ಓದಿಸಿಕೊಳ್ಳುತ್ತಿದೆ.

ರನ್ನನಿಗಿಂತ ಹಿಂದಿನದೆಂದು ಸಾಮಾನ್ಯವಾಗಿ ಎಣಿಸುವ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನ ಕಥೆಯೂ ಒಂದು. ಹೆಸರೇ ಹೇಳುವಂತೆ ಇದು ಚೋರಕಥೆ. ಹಗಲು ಕುಷ್ಠರೋಗಿಯಂತೆ ಪಾಳು ದೇಗುಲದಲ್ಲಿ ಬಿದ್ದಿದ್ದು ಇರುಳು ದಿವ್ಯರೂಪ ತಳೆಯುವ ಕಳ್ಳ. ಅರಮನೆಯ ಹಾರದ ಕಳವು. ಗಡುವಿನೊಳಗೆ ಕಳ್ಳನನ್ನು ತರದಿದ್ದರೆ ತಲೆದಂಡ ತೆರಬೇಕಾದ ತಳಾರ. ಕಡೆಯ ದಿನ ಆ ರೋಗಿಯನ್ನೇ ಹಿಡಿದು ತಂದು ಇವನೇ ಕಳ್ಳನೆಂದು ಸಾಧಿಸುವ ಅವನ ಹಠ. ಪತ್ತೇದಾರಿ ಕಥೆಯ ಅಂಗಾಂಗಗಳೆಲ್ಲ ಇಲ್ಲಿ ನೆರೆದಿವೆ. ಆದರೆ ಕಥೆ ಪತ್ತೆಯಾದಲ್ಲಿ ಮುಗಿಯುವುದಿಲ್ಲ. ಕಳ್ಳನೂ ತಳಾರನೂ ಬಾಲ್ಯದ ಗೆಳೆಯರೆಂಬುದು ಬಯಲಾಗುತ್ತದೆ. ಕಳ್ಳನು ಮುಂದೆ ಋಷಿಯಾಗಿ ಉಪಸರ್ಗವನ್ನು ಸಹಿಸುತ್ತಾನೆ. ಅಪರಾಧಿ ಯಾರೆಂದು ತಿಳಿದ ಮೇಲೆ ಅವನು ಏನಾಗಬಲ್ಲನೆಂದು ಕೇಳುವುದು ಈ ಕಥೆಯ ವಿಶೇಷ. ಗದ್ಯ ಬಿಗಿಯಾಗಿದೆ, ಸಂಭಾಷಣೆ ಚುರುಕಾಗಿದೆ. ಪತ್ತೇದಾರಿ ಕಥೆಗಳ ಅಭಿಮಾನಿಗೆ ಹಳಗನ್ನಡವನ್ನು ಪರಿಚಯಿಸಬೇಕಾದರೆ ಆರಂಭಕ್ಕೆ ಇದಕ್ಕಿಂತ ತಕ್ಕ ಕಥೆಯಿಲ್ಲ.

ಇಂಥ ಕಥನಕ್ಕೆ ಜೈನ ಆಚಾರ್ಯರು ಕೊಟ್ಟ ಸಮರ್ಥನೆ ಹಳೆಯದು. ಪ್ರಾಕೃತದ ವಸುದೇವಹಿಂಡಿಯ ಮಧ್ಯಮಖಂಡವನ್ನು ರಚಿಸಿದ ಧರ್ಮಸೇನಗಣಿಯು ವೈದ್ಯನ ದೃಷ್ಟಾಂತವನ್ನು ತರುತ್ತಾನೆ: ಔಷಧವನ್ನೊಲ್ಲದ ರೋಗಿಗೆ ಅವನು ಬಯಸುವ ಪಾನೀಯದ ನೆಪದಲ್ಲಿ ಔಷಧವನ್ನು ಕುಡಿಸುವಂತೆ, ಕಾಮಕಥೆಯಲ್ಲಿ ಮನವಿಟ್ಟ ಜನಕ್ಕೆ ಶೃಂಗಾರದ ನೆಪದಲ್ಲಿ ಧರ್ಮವನ್ನು ಹೇಳಬೇಕು. 779ರಲ್ಲಿ ಕುವಲಯಮಾಲೆಯನ್ನು ಮುಗಿಸಿದ ಉದ್ದ್ಯೋತನಸೂರಿಯೂ ಧರ್ಮಕಥೆಯೊಳಗೆ ಕಾಮಾರ್ಥಗಳಿಗೆ ಎಡೆಯುಂಟೆಂದು ಒಪ್ಪಿದವನೇ. ವಾದ ಸೊಗಸಾಗಿದೆ. ಆದರೆ ರೋಗಿ ಜೇನನ್ನು ನೆಕ್ಕಿ ಔಷಧವನ್ನು ಉಗುಳಿದರೆ? ಸಮರ್ಥನೆ ನಿಲ್ಲುವುದೂ ಬೀಳುವುದೂ ಈ ಪ್ರಶ್ನೆಯ ಮೇಲೆ. ಆದುದರಿಂದ ಜೇನು ಮತ್ತು ಔಷಧ ಎಷ್ಟರಮಟ್ಟಿಗೆ ಒಂದಾಗಿವೆ ಎಂಬುದನ್ನೇ ಅಳತೆಗೋಲಾಗಿ ಹಿಡಿದು ಕನ್ನಡದ ಪ್ರಣಯಕಥನಗಳನ್ನು ನೋಡಬಹುದು.

ಮೊದಲನೆಯದು ನಾಗವರ್ಮನ ಕರ್ಣಾಟಕ ಕಾದಂಬರಿ. ಬಾಣನ ಸಂಸ್ಕೃತ ಗದ್ಯವನ್ನು ಚಂಪುವಾಗಿಸಿದ ಈ ಕೃತಿಯಲ್ಲಿ ಶೂದ್ರಕನ ಆಸ್ಥಾನಕ್ಕೆ ಬಂದ ಗಿಳಿಯೊಂದು ಕಥೆ ಹೇಳುತ್ತದೆ. ಕಥೆಯೊಳಗೆ ಕಥೆ, ಅದರೊಳಗೆ ಮತ್ತೊಂದು. ಅಚ್ಛೋದ ಸರೋವರದ ತೀರದಲ್ಲಿ ಮಹಾಶ್ವೇತೆ ಸತ್ತ ಇನಿಯನಿಗಾಗಿ ಕಾಯುತ್ತಾಳೆ. ಕೇಳುತ್ತಿರುವ ಶೂದ್ರಕನೇ ಚಂದ್ರಾಪೀಡ, ಹೇಳುತ್ತಿರುವ ಗಿಳಿಯೇ ಪುಂಡರೀಕ ಎಂಬುದು ಕೊನೆಯಲ್ಲಿ ತಿಳಿಯುವಾಗ ಓದುಗನಿಗೆ ಆಗುವ ವಿಸ್ಮಯ ಯಾವ ಆಧುನಿಕ ರೋಚಕ ಕಥೆಗೂ ಕಡಿಮೆಯಿಲ್ಲ. ವರ್ಣನೆಗಳು ದೀರ್ಘವಾದರೂ ನಾಗವರ್ಮನು ಬಾಣನ ಗದ್ಯವನ್ನು ಸಂಗ್ರಹಿಸಿ ನಡೆಗೆ ವೇಗ ಕೊಟ್ಟಿದ್ದಾನೆ. ಇಲ್ಲಿ ಜೇನೇ ಇದೆ, ಔಷಧದ ಹಂಗಿಲ್ಲ. ಅದನ್ನು ಕವಿ ಮರೆಮಾಚಿಯೂ ಇಲ್ಲ.

ಎರಡನೆಯದು ಸುಮಾರು 1170ರಲ್ಲಿ ನೇಮಿಚಂದ್ರನು ರಚಿಸಿದ ಲೀಲಾವತಿ ಪ್ರಬಂಧ. ಸುಬಂಧುವಿನ ವಾಸವದತ್ತೆಯ ನೆರಳಿನಲ್ಲಿ ಬೆಳೆದ ಕಥೆ ಇದು. ರಾಜಕುಮಾರ ಕಂದರ್ಪನು ಕನಸಿನಲ್ಲಿ ಕನ್ಯೆಯೊಬ್ಬಳನ್ನು ಕಂಡು ಅವಳನ್ನರಸಿ ಹೊರಡುತ್ತಾನೆ. ಲೀಲಾವತಿಯೂ ಅವನನ್ನು ಕನಸಿನಲ್ಲಿ ಕಂಡಿದ್ದಾಳೆ. ರಸಗಳಲ್ಲಿ ಶೃಂಗಾರಕ್ಕೇ ಪಟ್ಟವೆಂದು ಸಾರುವ ಈ ಜೈನ ಕವಿಯ ಧೈರ್ಯ ಮೆಚ್ಚತಕ್ಕದ್ದು; ಪದಶಕ್ತಿ ಅಸಾಧಾರಣ. ಕಥನವಾಗಿ ಮಾತ್ರ ಕೃತಿ ಸೋಲುತ್ತದೆ. ಇಬ್ಬರ ಕನಸೂ ಮೊದಲೇ ಹೊಂದಿಕೊಂಡಿರುವುದರಿಂದ ಅಡ್ಡಿಗಳು ಎಷ್ಟೇ ಬಂದರೂ ಆತಂಕ ಹುಟ್ಟುವುದಿಲ್ಲ. ರನ್ನನಲ್ಲಿಯೂ ಅಂತ್ಯ ತಿಳಿದೇ ಇತ್ತು. ಆದರೆ ಅಲ್ಲಿ ಕುತೂಹಲಕ್ಕೆ ಒಬ್ಬ ವ್ಯಕ್ತಿ ಆಶ್ರಯವಾಗಿದ್ದ. ಇಲ್ಲಿ ಕಂದರ್ಪನಿಗೆ ಸೌಂದರ್ಯವಿದೆ, ಸ್ವಭಾವವಿಲ್ಲ. ಶಾಸ್ತ್ರದ ಗೆರೆಯನ್ನು ಹಿಡಿದು ನೋಡಿದರೆ ವಿಕಥೆಯೆಂಬ ಆಕ್ಷೇಪಕ್ಕೆ ಸುಲಭವಾಗಿ ಗುರಿಯಾಗುವ ಕೃತಿ ಇದೇ.

ಮೂರನೆಯದು 1209ರ ಯಶೋಧರ ಚರಿತೆ. ಜನ್ನನು ಮುನ್ನೂರಕ್ಕೆ ಸ್ವಲ್ಪ ಮಿಕ್ಕ ಕಂದಪದ್ಯಗಳಲ್ಲಿ ಇದನ್ನು ಮುಗಿಸಿದ್ದಾನೆ. ಮಾರಿದತ್ತ ರಾಜನು ಚಂಡಮಾರಿಗೆ ಬಲಿಕೊಡಲೆಂದು ಇಬ್ಬರು ಮಕ್ಕಳನ್ನು ಹಿಡಿತರಿಸಿದ್ದಾನೆ. ಸಾಯಲಿರುವ ಅಭಯರುಚಿಯು ನಿರ್ಭಯದಿಂದ ತನ್ನ ಹಿಂದಿನ ಜನ್ಮಗಳ ಕಥೆಯನ್ನು ಹೇಳತೊಡಗುತ್ತಾನೆ. ಇಡೀ ಕಾವ್ಯವನ್ನು ಓದುಗನು ಈ ಎತ್ತಿದ ಕತ್ತಿಯ ಕೆಳಗೆ ನಿಂತು ಓದಬೇಕು. ಒಳಗಿನ ಕಥೆ ಪ್ರಣಯದ್ದು. ಇರುಳಲ್ಲಿ ಕೇಳಿಬಂದ ಹಾಡಿಗೆ ಮನಸೋತ ರಾಣಿ ಅಮೃತಮತಿ ಹಾಡಿದವನನ್ನು ಅರಸುತ್ತಾಳೆ. ಅವನು ವಿಕೃತಾಂಗನಾದ ಮಾವುತ ಅಷ್ಟಾವಂಕ. ಯಶೋಧರನು ಅವಳನ್ನು ಹಿಂಬಾಲಿಸಿ, ಕಂಡು, ಕತ್ತಿ ಎಳೆದು, ಮತ್ತೆ ಒರೆಗೆ ಸೇರಿಸುವ ಸನ್ನಿವೇಶ ಕನ್ನಡ ಕಥನದ ಬಿಗಿಯಾದ ಘಳಿಗೆಗಳಲ್ಲಿ ಒಂದು. ಮುಂದೆ ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯು ತಾಯಿ-ಮಗನನ್ನು ಜನ್ಮಜನ್ಮಾಂತರಕ್ಕೆ ಅಟ್ಟುತ್ತದೆ.

ಕಾದಂಬರಿಯಲ್ಲೂ ಜನ್ಮಾಂತರವಿದೆ, ಅಲ್ಲಿ ಅದು ಅಗಲಿದವರನ್ನು ಕೂಡಿಸುವ ಉಪಾಯ. ಜನ್ನನಲ್ಲಿ ಅದೇ ಉಪಾಯ ಕರ್ಮದ ಲೆಕ್ಕ ತೀರಿಸುವ ದಾರಿ. ಕಥೆ ಮುಗಿಯುವಾಗ ರಾಜನು ಕತ್ತಿಯನ್ನು ಬಿಡುವುದು ಕಥೆ ಕೇಳಿದ್ದರಿಂದ. ಕುತೂಹಲವನ್ನು ತೆಗೆದರೆ ಧರ್ಮ ನಿಲ್ಲದು, ಧರ್ಮವನ್ನು ತೆಗೆದರೆ ಕುತೂಹಲ ನಿಲ್ಲದು. ಜೇನನ್ನೂ ಔಷಧವನ್ನೂ ಬೇರ್ಪಡಿಸಲು ಬಾರದ ಕೃತಿಯೆಂದರೆ ಇದು. ಒಂದು ಆಕ್ಷೇಪ ಉಳಿಯುತ್ತದೆ: ಅಮೃತಮತಿಯ ಮನಸ್ಸನ್ನು ಅಷ್ಟು ಸೂಕ್ಷ್ಮವಾಗಿ ತೆರೆದ ಕವಿ ಉತ್ತರಾರ್ಧದಲ್ಲಿ ಅವಳನ್ನು ದುಷ್ಟಪಾತ್ರವೆಂದು ಬದಿಗಿಡುತ್ತಾನೆ.

ಈ ಧಾರೆ ಹೊಸಗಾಲಕ್ಕೆ ಬಂದ ಬಗೆಯೂ ಈ ನಾಡಿನಲ್ಲಿ ವಿಶಿಷ್ಟವಾಗಿದೆ. ಜಮಖಂಡಿಯಲ್ಲಿ ಪಟವರ್ಧನರ, ಮುಧೋಳದಲ್ಲಿ ಘೋರ್ಪಡೆಯವರ ಸಂಸ್ಥಾನಗಳು 1948ರವರೆಗೆ ಇದ್ದವು. ದರಬಾರಿನ ನುಡಿ ಮರಾಠಿ, ಮನೆ-ಹೊಲಗಳ ನುಡಿ ಕನ್ನಡ. ಮರಾಠಿಯಲ್ಲಿ ಹಳಬೆಯವರ ಮುಕ್ತಾಮಾಲಾ 1861ರಲ್ಲೂ ರಿಸಬೂಡರ ಮಂಜುಘೋಷಾ 1868ರಲ್ಲೂ ಬಂದವು. ಎರಡೂ ಅದ್ಭುತರಮ್ಯ ಪ್ರಣಯಕಥೆಗಳು. ಈ ಹೊಸ ಪ್ರಕಾರಕ್ಕೆ ಮರಾಠಿಯೂ ಕನ್ನಡವೂ ಬಾಣನ ನಾಯಿಕೆಯ ಹೆಸರನ್ನೇ ಇಟ್ಟು ಕಾದಂಬರಿ ಎಂದವು. ಗಳಗನಾಥರು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಬಾಗಲಕೋಟೆಯಲ್ಲಿ ವಕೀಲರಾಗಿದ್ದ ಕೆರೂರು ವಾಸುದೇವಾಚಾರ್ಯರು 1908ರಲ್ಲಿ ಇಂದಿರೆಯನ್ನು ಪ್ರಕಟಿಸಿದರು. ರಾಜಕುಮಾರರ ಜಾಗಕ್ಕೆ ಸಮಕಾಲೀನ ಸಂಸಾರಗಳನ್ನು ತಂದದ್ದು ಅವರ ಸಾಧನೆ. ಉಪದೇಶದ ದನಿ ಮಾತ್ರ ಕಥೆಯ ಮೇಲೆ ನಿಂತೇ ಮಾತಾಡುತ್ತದೆ. ಔಷಧವನ್ನು ಬೇರೆ ಬಟ್ಟಲಲ್ಲಿ ಕೊಟ್ಟಂತೆ.

ಶೇಡಬಾಳದ ಮಿರ್ಜಿ ಅಣ್ಣಾರಾಯರ ನಿಸರ್ಗ 1945ರಲ್ಲಿ ಬಂದಾಗ ಗಡಿನಾಡಿನ ಜೈನ ಒಕ್ಕಲು ಬದುಕು ತನ್ನ ಆಡುನುಡಿಯಲ್ಲೇ ಕಾದಂಬರಿಯಾಯಿತು. ಒಲವು ಇಲ್ಲಿ ಕನಸಿನಲ್ಲಿ ಹುಟ್ಟುವುದಿಲ್ಲ. ಮನೆತನ, ಹೊಲ, ಊರಿನ ಮಾತುಗಳ ನಡುವೆ ದಾರಿ ಹುಡುಕಬೇಕಾಗುತ್ತದೆ. ಅದೇ ಶತಮಾನದಲ್ಲಿ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ ನೂರಾರು ಕಾದಂಬರಿಗಳಿಂದ ಕನ್ನಡಕ್ಕೆ ಹೊಸ ಓದುಗರನ್ನೇ ಗಳಿಸಿಕೊಟ್ಟರು. ಅವುಗಳ ಮೇಲೆ ಪಂಡಿತರು ಹೊರಿಸಿದ ಹಗುರ ಸಾಹಿತ್ಯವೆಂಬ ಆರೋಪ ಚೋರಕಥೆಯ ಹಳೆಯ ನಿಷೇಧದ ಹೊಸ ರೂಪವೇ ಸರಿ. ಆರೋಪಿಸುವವರು ವಡ್ಡಾರಾಧನೆಯ ತಳಾರನನ್ನು ಮರೆತಿರುತ್ತಾರೆ. ಶಾಸ್ತ್ರ ಬೆರಳಿಟ್ಟದ್ದು ವಿಷಯಕ್ಕೆ. ಕವಿಗಳು ಆ ವಿಷಯವನ್ನು ಬಿಡದೆ ಅದರ ಪರಿಣಾಮದ ಹೊಣೆಯನ್ನು ಹೊತ್ತರು. ಇಂದಿನ ಪ್ರಣಯ ಅಥವಾ ರೋಚಕ ಕಾದಂಬರಿಯನ್ನು ಅಳೆಯಬೇಕಾದುದೂ ಅದರಲ್ಲಿ ಪ್ರೇಮವಿದೆ, ಕೊಲೆಯಿದೆ ಎಂಬುದರಿಂದ ಅಲ್ಲ. ಗಂಟು ಬಿಚ್ಚಿದ ಮೇಲೆ ಓದುಗನಲ್ಲಿ ಏನು ಉಳಿಯಿತೆಂಬುದರಿಂದ.

ರಬಕವಿ-ಬನಹಟ್ಟಿಗೆ ಸಮೀಪದ ತೇರದಾಳದಲ್ಲಿ ಮಾಂಡಲಿಕ ಗೊಂಕನು ಕಟ್ಟಿಸಿದ ನೇಮಿನಾಥ ಬಸದಿಯಿದೆ. ಅದರ ಶಾಸನ 1123ರದು. ಮದುವೆಯ ದಿಬ್ಬಣದಲ್ಲಿ ಬರುತ್ತಿದ್ದ ನೇಮಿಕುಮಾರನು ಔತಣಕ್ಕಾಗಿ ಕೂಡಿಹಾಕಿದ ಪಶುಗಳ ಆರ್ತನಾದ ಕೇಳಿ ರಥವನ್ನು ತಿರುಗಿಸಿದ. ವಧು ರಾಜೀಮತಿ ಅವನ ದಾರಿಯನ್ನೇ ಹಿಡಿದಳು. ಪ್ರಣಯವೂ ಆಘಾತವೂ ಇರುವ, ಯಾವ ಆಚಾರ್ಯನೂ ವಿಕಥೆಯೆನ್ನಲಾರದ ಕಥೆ ಇದು. ಲೀಲಾವತಿಯ ಕವಿ ನೇಮಿಚಂದ್ರನೇ ಮುಂದೆ ಇದನ್ನು ಬರೆಯಲು ಹೊರಟ. ಆದರೆ ಅವನ ನೇಮಿನಾಥಪುರಾಣ ಕಂಸವಧೆಯಲ್ಲಿ ನಿಂತುಹೋಗಿ ಅರ್ಧನೇಮಿಯೆಂದೇ ಹೆಸರಾಯಿತು. ಶೃಂಗಾರದಲ್ಲಿ ಕೈಪಳಗಿದ ಆ ಕವಿ ರಾಜೀಮತಿಯ ಬಾಗಿಲವರೆಗೆ ಬರಲೇ ಇಲ್ಲ. ಆ ಕಥೆ ಬೇಕಾದವರು ಕರ್ಣಪಾರ್ಯನ ನೇಮಿನಾಥಪುರಾಣಕ್ಕೆ ಹೋಗಬೇಕು.