ಹೂಜಿಗಿಡ ಮತ್ತು ಸಹ್ಯಾದ್ರಿಯ ಕಲ್ಲುಹಾಸು: ಕೀಟಾಹಾರಿ ಸಸ್ಯಗಳ ಅಧ್ಯಯನ ನಡೆದು ಬಂದ ದಾರಿ

ಎಲೆಯ ತುದಿಯನ್ನೇ ಮುಚ್ಚಳವಿರುವ ಹೂಜಿಯಾಗಿಸಿಕೊಂಡು, ಅದರೊಳಗಿನ ದ್ರವದಲ್ಲಿ ಹುಳುಗಳನ್ನು ಕರಗಿಸಿ ಸಾರ ಹೀರುವ ನೆಪೆಂಥಿಸ್ ಕುಲದ ಸಸ್ಯಗಳಲ್ಲಿ ಭಾರತಕ್ಕೆ ಸಹಜವಾದುದು ಮೇಘಾಲಯದ ಗುಡ್ಡಗಳ ನೆಪೆಂಥಿಸ್ ಖಾಸಿಯಾನಾ ಒಂದೇ. ಗಾರೋ ಜನ ಅದನ್ನು 'ಮೆಮಾಂಗ್ ಕೊಕ್ಸಿ', ಅಂದರೆ ದೆವ್ವದ ಬುಟ್ಟಿ, ಎನ್ನುತ್ತಾರೆ. ಪುಣೆಯ ಹಿಂಜವಾಡಿಯಿಂದ ಪಶ್ಚಿಮಕ್ಕೆ, ಮುಳಶಿಯಾಚೆ ಏರುವ ಸಹ್ಯಾದ್ರಿಯಲ್ಲಿ ಹೂಜಿಗಿಡವಿಲ್ಲ. ಆದರೆ ನೆಲದಲ್ಲಿ ಸಿಗದ ಸಾರಜನಕವನ್ನು ಹುಳುವಿನ ಮೈಯಿಂದ ಪಡೆಯುವ ಉಪಾಯವನ್ನು ಈ ಬೆಟ್ಟಸಾಲಿನಲ್ಲಿ ಡ್ರೊಸೆರಾ ಮತ್ತು ಯುಟ್ರಿಕುಲೇರಿಯಾ ಕುಲಗಳ ಪುಟ್ಟ ಗಿಡಗಳು ಬೇರೆಯೇ ಬಗೆಯಲ್ಲಿ ಸಾಧಿಸಿವೆ.

ಖಾಸಿಯಾನಾಕ್ಕೆ 1873ರಲ್ಲಿ ಹೆಸರಿಟ್ಟ ಜೋಸೆಫ್ ಹೂಕರ್, ಮರುವರ್ಷ ಬೆಲ್‌ಫಾಸ್ಟಿನ ಭಾಷಣದಲ್ಲಿ, ನೆಪೆಂಥಿಸ್ ಹೂಜಿಗಳಿಗೆ ಮೊಟ್ಟೆಯ ಬಿಳಿಭಾಗ, ಮಾಂಸದ ಚೂರುಗಳನ್ನು ಹಾಕಿ ಅವು ಕರಗುವುದನ್ನು ಕಂಡ ಪ್ರಯೋಗಗಳನ್ನು ವಿವರಿಸಿದರು. 1875ರಲ್ಲಿ ಕೀಟಾಹಾರಿ ಸಸ್ಯಗಳ ಬಗ್ಗೆ ಡಾರ್ವಿನ್ನರ ಗ್ರಂಥ ಬಂತು. ನೀರಿನ ಸಣ್ಣ ಜೀವಿಗಳು ಯುಟ್ರಿಕುಲೇರಿಯಾದ ಬೇಟೆ ಹಿಡಿಯುವ ಪುಟ್ಟ ಚೀಲದ ಬಾಗಿಲನ್ನು ತಾವೇ ತಳ್ಳಿಕೊಂಡು ಒಳಹೋಗುತ್ತವೆಂದು ಅವರು ತಿಳಿದಿದ್ದರು. ಚೀಲವೇ ನೀರನ್ನು ಹೊರಹಾಕಿ ಒಳಗೆ ಒತ್ತಡ ತಗ್ಗಿಸಿಟ್ಟುಕೊಂಡು, ಬಾಗಿಲ ರೋಮವನ್ನು ಮುಟ್ಟಿದೊಡನೆ ಬೇಟೆಯನ್ನು ಸೆಳೆದುಕೊಳ್ಳುತ್ತದೆಂಬುದು ಮುಂದಿನ ತಲೆಮಾರಿಗೆ ತಿಳಿಯಿತು, ಆ ಸೆಳೆತ ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತಿನದೆಂದು 2011ರಲ್ಲಿ ಫ್ರಾನ್ಸಿನ ಸಂಶೋಧಕರು ಅತಿವೇಗದ ಕ್ಯಾಮೆರಾದಿಂದ ತೋರಿಸಿದರು. ಹೂಜಿಯ ಅಂಚು ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆದು ಹುಳುಗಳನ್ನು ಸೆಳೆಯುತ್ತದೆಂದು 2013ರಲ್ಲಿ ಕೇರಳದ ಪಾಲೋಡಿನ ಸಸ್ಯೋದ್ಯಾನದ ವಿಜ್ಞಾನಿಗಳು ಪ್ರಕಟಿಸಿದರು.

ಪಶ್ಚಿಮ ಭಾರತದಲ್ಲಿ ಅಧ್ಯಯನ ಸಾಗಿದ್ದು ಸಸ್ಯಸೂಚಿಗಳ ದಾರಿಯಲ್ಲಿ. ಪುಣೆಯ ವಿಜ್ಞಾನ ಕಾಲೇಜಿನ ಪ್ರಾಂಶುಪಾಲರಾಗಿದ್ದ ಥಿಯೋಡೋರ್ ಕುಕ್ ಮುಂಬಯಿ ಪ್ರಾಂತ್ಯದ ಸಸ್ಯಗಳ ಗ್ರಂಥವನ್ನು 1901ರಿಂದ 1908ರವರೆಗೆ ಹೊರತಂದರು. ಯುಟ್ರಿಕುಲೇರಿಯಾದ ಮಟ್ಟಿಗೆ, ಗಿಡ ಕಿತ್ತು ಒಣಗಿಸಿ ಪಟ್ಟಿಮಾಡುವ ಈ ಕ್ರಮಕ್ಕೆ ದೊಡ್ಡ ತೊಡಕಿತ್ತು: ಗಿಡವನ್ನು ಕಿತ್ತರೆ ಕೂದಲೆಳೆಯಂಥ ಕಾಂಡಕ್ಕೆ ಅಂಟಿದ ಚೀಲಗಳು ಕೆಸರಲ್ಲೇ ಉಳಿಯುತ್ತವೆ, ಒತ್ತಿ ಒಣಗಿಸಿದ ಹೂವು ಕಾಗದದ ಮೇಲಿನ ಕಲೆಯಾಗುತ್ತದೆ. ಈ ತೊಡಕನ್ನು ನೆನೆದರೆ, ಎಂ. ಕೆ. ಜನಾರ್ಥನಂ ಮತ್ತು ಎ. ಎನ್. ಹೆನ್ರಿ ಭಾರತದ ಯುಟ್ರಿಕುಲೇರಿಯಾಗಳ ಬಗ್ಗೆ 1992ರಲ್ಲಿ ತಂದ ಗ್ರಂಥವನ್ನು ಈ ಕ್ಷೇತ್ರದ ಮುಖ್ಯ ತಿರುವೆನ್ನಬೇಕು.

ಈಚಿನ ದಶಕಗಳಲ್ಲಿ ಗಮನ ಗಿಡದಿಂದ ನೆಲೆಯತ್ತ ಹೊರಳಿರುವುದು ಎಲ್ಲಕ್ಕಿಂತ ಮಹತ್ವದ್ದು. ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿ, 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲೊಂದು, ಅಗ್ನಿಶಿಲೆಯ ಮೇಲೆ ಜಂಬಿಟ್ಟಿಗೆ ಹಾಸಿದ ಬಯಲು. ಇಂಥದಕ್ಕೆ ಮರಾಠಿಯಲ್ಲಿ 'ಸಡಾ' ಎನ್ನುತ್ತಾರೆ. ಮಳೆ ಹಿಡಿದರೆ ಅದರ ಮೇಲೆ ಬೆರಳಗಲದ ಮಣ್ಣಿನಲ್ಲಿ ನೀರು ಜಿನುಗುತ್ತಲೇ ಇದ್ದು, ಮಣ್ಣು ಹುಳಿಯಾಗಿ, ಸಾರ ತೊಳೆದುಹೋಗಿರುತ್ತದೆ. ಅಲ್ಲಿ 'ಸೀತೇಚಿ ಆಸವೆ', ಅಂದರೆ ಸೀತೆಯ ಕಣ್ಣೀರು, ಎಂದು ಕರೆಯುವ ನೇರಳೆ ಯುಟ್ರಿಕುಲೇರಿಯಾ ಬಯಲಿಡೀ ಅರಳುತ್ತದೆ. ಡ್ರೊಸೆರಾದ ಎಲೆಯ ಕೆಂಪು ರೋಮಗಳ ತುದಿಯಲ್ಲಿ ನಿಂತ ಅಂಟುಹನಿಗೆ ನುಸಿಗಳು ಸಿಕ್ಕಿಬೀಳುತ್ತವೆ. ಆ ಬಯಲಿನಲ್ಲಿ ರಸ್ತೆ ಕಡಿದರೆ ಜಿನುಗುವ ನೀರಿನ ಹರಿವು ತಿರುಗುತ್ತದೆ, ಗೊಬ್ಬರ ಸೇರಿದರೆ ಹುಲ್ಲು ಗೆದ್ದು ಈ ಗಿಡಗಳು ಸೋಲುತ್ತವೆ.

ಮೇಘಾಲಯದ ಹೂಜಿಗಿಡಕ್ಕೆ ಅಂತರರಾಷ್ಟ್ರೀಯ ವ್ಯಾಪಾರದ ವಿರುದ್ಧ ಅತಿ ಕಟ್ಟುನಿಟ್ಟಿನ ರಕ್ಷಣೆ ದೊರೆತಿದೆ. ವರ್ಷವಿಡೀ ಕಣ್ಣಿಗೆ ಬೀಳುವ ಗಿಡವದು. ಸಹ್ಯಾದ್ರಿಯ ಈ ಬಂಧುಗಳಾದರೋ ಅಕ್ಟೋಬರ್ ಕಳೆಯುತ್ತಲೇ ಬೀಜವಾಗಿ ಬಿರುಕುಗಳಲ್ಲಿ ಅಡಗುತ್ತವೆ, ಬೇಸಿಗೆಯಲ್ಲಿ ಬಂದವರಿಗೆ ಕಾಣುವುದು ಬರಿಯ ಕರಿಕಲ್ಲು, ಅಂಥ ಹಾಸುಗಳು ದಾಖಲೆಗಳಲ್ಲಿ ಇಂದಿಗೂ ಪಾಳುಭೂಮಿ ಎಂದು ಸೇರುತ್ತಿವೆ.