ವೈಗೈ ಸೇರುವ ಕಡಲಿನ ಹಸು: ಸಾಗರದ ಸಸ್ತನಿಗಳನ್ನು ಕಾಯುವ ಬಗೆ

ತೇನಿ, ಕಂಬಂ ಕಣಿವೆ ಹಾಗೂ ದಿಂಡಿಗಲ್ ಭಾಗದ ಕನ್ನಡಿಗರಾದ ನಮಗೆ ಕಡಲು ದೂರದ್ದು. ತಿರುಚೆಂದೂರು, ರಾಮೇಶ್ವರಗಳ ಯಾತ್ರೆಯಲ್ಲಿ ಮಾತ್ರ ನಾವು ಅದನ್ನು ಕಾಣುತ್ತೇವೆ. ಆದರೆ ವರುಷನಾಡು ಬೆಟ್ಟಗಳಲ್ಲಿ ಹುಟ್ಟಿ, ನಮ್ಮ ಕಣಿವೆಯ ನೀರನ್ನು ಕೂಡಿಸಿಕೊಂಡು ಹರಿಯುವ ವೈಗೈ ನದಿಯು ರಾಮನಾಥಪುರ ಜಿಲ್ಲೆಯಲ್ಲಿ ಪಾಕ್ ಕೊಲ್ಲಿಯನ್ನು ಸೇರುತ್ತದೆ. ಭಾರತದ ಅತ್ಯಂತ ವಿರಳ ಪ್ರಾಣಿಗಳಲ್ಲೊಂದಾದ ಕಡಲಹಸುವಿನ ಮುಖ್ಯ ನೆಲೆ ಇದೇ ಕೊಲ್ಲಿ.

ಕಡಲಹಸು ಎಂದರೇನು?

ತಮಿಳಿನಲ್ಲಿ ‘ಕಡಲ್ ಪಸು’ ಅಥವಾ ‘ಆವುಳಿಯಾ’ ಎನಿಸಿಕೊಳ್ಳುವ ಇದು ಮೀನಲ್ಲ. ಮರಿಗೆ ಹಾಲೂಡುವ ಸಸ್ತನಿ. ವಂಶದಲ್ಲಿ ಆನೆಗೆ ಸಮೀಪವಾದುದು. ಸುಮಾರು ಮೂರು ಮೀಟರ್‌ವರೆಗೆ ಬೆಳೆಯುವ ಈ ಪ್ರಾಣಿಯು ಆಳವಿಲ್ಲದ ನೀರಿನಲ್ಲಿ ಕಡಲಹುಲ್ಲನ್ನು ಮೇಯುತ್ತದೆ. ದಿನಕ್ಕೆ 30ರಿಂದ 40 ಕಿಲೋ ಹುಲ್ಲು ಬೇಕು. ಎಪ್ಪತ್ತು ವರ್ಷದವರೆಗೂ ಬದುಕಬಲ್ಲದು. ಆದರೆ ಮೂರರಿಂದ ಏಳು ವರ್ಷಕ್ಕೊಮ್ಮೆ ಒಂದೇ ಮರಿಯನ್ನು ಈಯುತ್ತದೆ. ಆದುದರಿಂದ ಒಂದು ತಾಯಿ ಸತ್ತರೂ ಆ ನಷ್ಟ ಬೇಗ ತುಂಬುವುದಿಲ್ಲ. ತಮಿಳುನಾಡು ಸರ್ಕಾರವು 2022ರಲ್ಲಿ ಹೇಳಿದಂತೆ ಭಾರತದಲ್ಲಿ ಉಳಿದಿರುವ ಕಡಲಹಸುಗಳು ಸುಮಾರು 240 ಮಾತ್ರ.

ಅಪಾಯ ಮತ್ತು ರಕ್ಷಣೆ

ಕಡಲಹಸುವು ಕೆಲವು ನಿಮಿಷಗಳಿಗೊಮ್ಮೆ ಮೇಲೆ ಬಂದು ಉಸಿರಾಡಲೇಬೇಕು. ಬಲೆಯಲ್ಲಿ ಸಿಕ್ಕಿಕೊಂಡರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ದೋಣಿಗಳ ಹೊಡೆತ, ಟ್ರಾಲ್ ಬಲೆಗಳಿಂದ ಕಿತ್ತುಹೋಗುವ ಹುಲ್ಲುಗಾವಲು, ನದಿಗಳು ಹೊತ್ತು ತರುವ ಕೊಳೆ ಇವು ಇತರ ಕಾರಣಗಳು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿ ಕಡಲಹಸು ಸೇರಿದೆ. ತಮಿಳುನಾಡು ಸರ್ಕಾರವು 2022ರ ಸೆಪ್ಟೆಂಬರ್ 21ರಂದು ತಂಜಾವೂರು, ಪುದುಕೋಟೆ ಜಿಲ್ಲೆಗಳ ಕರಾವಳಿಯಾಚೆಯ 448 ಚದರ ಕಿಲೋಮೀಟರ್ ಕಡಲನ್ನು ದೇಶದ ಮೊದಲ ಕಡಲಹಸು ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಅಲ್ಲಿ 12,250 ಹೆಕ್ಟೇರ್ ಕಡಲಹುಲ್ಲಿದೆ. ಬಲೆಯನ್ನು ಕತ್ತರಿಸಿ ಪ್ರಾಣಿಯನ್ನು ಬಿಟ್ಟುಬಿಡುವ ಮೀನುಗಾರರಿಗೆ ಅರಣ್ಯ ಇಲಾಖೆಯು ಬಹುಮಾನ ನೀಡುತ್ತಿದೆ. ಬಲೆಯೇ ಬಂಡವಾಳವಾದವರಿಗೆ ಅದನ್ನು ಕತ್ತರಿಸುವುದು ಸಣ್ಣ ತ್ಯಾಗವಲ್ಲ.

ತಿರುಚೆಂದೂರಿನ ಪಾಠ

2016ರ ಜನವರಿಯಲ್ಲಿ ತಿರುಚೆಂದೂರಿನ ಸಮೀಪ, ಮಣಪ್ಪಾಡು ಸುತ್ತಲಿನ ದಡಕ್ಕೆ ಎಂಬತ್ತರಷ್ಟು ಪೈಲಟ್ ತಿಮಿಂಗಿಲಗಳು ಬಂದು ಬಿದ್ದವು. ಮೀನುಗಾರರೂ ಅಧಿಕಾರಿಗಳೂ ಸೇರಿ ಅನೇಕವನ್ನು ಆಳದ ನೀರಿಗೆ ತಲುಪಿಸಿದರು. ಕೆಲವು ಮತ್ತೆ ದಡಕ್ಕೇ ಮರಳಿದವು. ನಲವತ್ತಕ್ಕೂ ಹೆಚ್ಚು ಸತ್ತವು. ಇವು ಗುಂಪನ್ನು ಬಿಟ್ಟಿರಲಾರದ ಪ್ರಾಣಿಗಳು. ಒಂದು ದಡದಲ್ಲಿದ್ದರೆ ಉಳಿದವೂ ಅದನ್ನು ಹಿಂಬಾಲಿಸುತ್ತವೆ. ಹೀಗಾಗಿ ನೀರಿಗೆ ತಳ್ಳಿದ ಮಾತ್ರಕ್ಕೆ ರಕ್ಷಣೆ ಮುಗಿಯುವುದಿಲ್ಲ. ಅನುಭವಿಗಳ ನೆರವು ಬೇಕು.

ದಡದಲ್ಲಿ ಕಂಡರೆ ಮಾಡಬೇಕಾದುದು

ಯಾತ್ರೆಗೆ ಹೋದಾಗ ಇಂಥ ಜೀವಿ ದಡದಲ್ಲಿ ಕಂಡರೆ ನಾವು ಹೀಗೆ ನಡೆದುಕೊಳ್ಳಬೇಕು:

• ಕೂಡಲೇ ಅರಣ್ಯ ಇಲಾಖೆಗೆ, ಹತ್ತಿರದ ಪೊಲೀಸರಿಗೆ ಅಥವಾ ಊರಿನ ಮೀನುಗಾರರಿಗೆ ತಿಳಿಸಬೇಕು.
• ಜನರನ್ನೂ ನಾಯಿಗಳನ್ನೂ ದೂರವಿಡಬೇಕು. ಪ್ರಾಣಿಯ ಮೇಲೆ ಕೂರುವುದು, ಪಕ್ಕದಲ್ಲಿ ನಿಂತು ಚಿತ್ರ ತೆಗೆದುಕೊಳ್ಳುವುದು ಸಲ್ಲದು.
• ಒದ್ದೆ ಬಟ್ಟೆ ಹೊದಿಸಿ ನೆರಳು ಮಾಡಬೇಕು. ಉಸಿರಿನ ರಂಧ್ರವನ್ನು ಮುಚ್ಚಬಾರದು, ಅದಕ್ಕೆ ನೀರು ಹೊಯ್ಯಬಾರದು. ಡಾಲ್ಫಿನ್, ತಿಮಿಂಗಿಲಗಳಿಗೆ ಅದು ನೆತ್ತಿಯ ಮೇಲಿದೆ. ಕಡಲಹಸುವಿಗೆ ಮೂತಿಯ ತುದಿಯಲ್ಲಿ.
• ಬಾಲ ಅಥವಾ ಈಜುರೆಕ್ಕೆ ಹಿಡಿದು ಎಳೆಯಬಾರದು.
• ಸತ್ತಿದ್ದರೂ ಮುಟ್ಟದೆ ಸುದ್ದಿ ತಿಳಿಸಬೇಕು. ಸಾವಿನ ಕಾರಣ ಪರೀಕ್ಷೆಯಿಂದಲೇ ತಿಳಿಯುವುದು.

ಶ್ರೀವಿಲ್ಲಿಪುತ್ತೂರು–ಮೇಘಮಲೆ ಹುಲಿ ಮೀಸಲು 2021ರಲ್ಲಿ ಘೋಷಣೆಯಾದಾಗ ವೈಗೈಯ ತಲೆಗೆ ಕಾವಲು ದೊರೆಯಿತು; ಮರುವರ್ಷವೇ ಆ ನದಿ ಸೇರುವ ಕೊಲ್ಲಿಯ ಒಂದು ಭಾಗಕ್ಕೂ ದೊರೆಯಿತು. ನಡುವಿನ ಹರಿವು ನಮ್ಮ ಊರುಗಳದು. ನಾವು ಹೊಳೆಗೆ ಎಸೆದುದು ಹೊಳೆಯಲ್ಲೇ ಉಳಿಯದೆಂಬುದನ್ನು ನಮ್ಮ ಮಕ್ಕಳಿಗೆ ಮನೆಯಲ್ಲಿಯೂ ಶಾಲೆಯಲ್ಲಿಯೂ ಕನ್ನಡದಲ್ಲೇ ತಿಳಿಸಿ ಹೇಳೋಣ.