ಸೆಲ್ಬೋರ್ನಿನ ಕಾಲುದಾರಿಗಳು

ಇಂಗ್ಲೆಂಡಿಗೆ ಹೋದವರು ಲಂಡನ್ನಿನ ಅರಮನೆಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ನೋಡಿ ಬರುವುದು ವಾಡಿಕೆ. ಆದರೆ ಆ ನಾಡಿನ ಅತ್ಯಂತ ಹಳೆಯ ಸ್ಮಾರಕಗಳಲ್ಲಿ ಕೆಲವು ಯಾವ ಕಟ್ಟಡದೊಳಗೂ ಇಲ್ಲ. ಹೊಲದ ನಡುವೆ, ಬೇಲಿಯ ಸಂದಿನಲ್ಲಿ, ಚರ್ಚಿನ ಅಂಗಳದ ಹಿಂಬದಿಯಲ್ಲಿ ಹಾದುಹೋಗುವ ಕಾಲುದಾರಿಗಳೇ ಆ ಸ್ಮಾರಕಗಳು. ಅವು ಇಂದಿಗೂ ಹೇಗೆ ಉಳಿದುಕೊಂಡಿವೆ ಎಂಬುದನ್ನು ತಿಳಿಯಲು ಒಂದೇ ಒಂದು ಹಳ್ಳಿಯನ್ನು ಸುತ್ತಿದರೆ ಸಾಕು. ಹ್ಯಾಂಪ್‌ಶೈರ್ ಪ್ರಾಂತದ ಸೆಲ್ಬೋರ್ನ್ ಅಂಥದೊಂದು ಹಳ್ಳಿ.

ಸೆಲ್ಬೋರ್ನ್ ಒಂದು ಪ್ಯಾರಿಷ್. ಪ್ಯಾರಿಷ್ ಎಂದರೆ ಮೂಲತಃ ಒಂದು ಚರ್ಚಿಗೆ, ಒಬ್ಬ ಪಾದ್ರಿಗೆ ಸೇರಿದ ಊರು ಮತ್ತು ಅದರ ಸುತ್ತಲಿನ ಹೊಲ, ಕಾಡು. ಬಡವರ ಪಾಲನೆ, ದಾರಿಗಳ ದುರಸ್ತಿ ಮುಂತಾದ ಹೊಣೆಗಳೂ ಹಿಂದೆ ಇದರ ಮೇಲೆಯೇ ಇದ್ದವು. 1894ರ ಕಾಯಿದೆಯು ಹಳ್ಳಿಗಾಡಿನ ಪ್ಯಾರಿಷ್‌ಗಳಿಗೆ ಚುನಾಯಿತ ಕೌನ್ಸಿಲ್‌ಗಳನ್ನು ಒದಗಿಸಿತು. ನಮ್ಮ ಗ್ರಾಮ ಪಂಚಾಯಿತಿಯನ್ನು ನೆನೆದರೆ ಇದರ ಸ್ವರೂಪ ಸ್ಥೂಲವಾಗಿ ಅರ್ಥವಾದೀತು.

ಲಂಡನ್ನಿನ ನೈರುತ್ಯಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿರುವ ಸೆಲ್ಬೋರ್ನ್‌ಗೆ ರೈಲು ಇಲ್ಲ. ವಾಟರ್‌ಲೂ ನಿಲ್ದಾಣದಿಂದ ಆಲ್ಟನ್ ಪಟ್ಟಣದವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಸುಮಾರು 7 ಕಿಲೋಮೀಟರ್ ದೂರವನ್ನು ಸೈಕಲ್ಲಿನಲ್ಲೋ ಕಾಲ್ನಡಿಗೆಯಲ್ಲೋ ಕ್ರಮಿಸಬಹುದು. ಈ ಸೀಮೆಯ ಹಳೆಯ ಗಾಡಿದಾರಿಗಳಿಗೆ ಒಂದು ವೈಶಿಷ್ಟ್ಯವಿದೆ. ನೂರಾರು ವರ್ಷ ಗಾಡಿಚಕ್ರ ಉರುಳಿ, ಮಳೆನೀರು ಹರಿದು ಮೆದುಕಲ್ಲಿನ ನೆಲ ಸವೆದು, ದಾರಿಯೇ ಅಕ್ಕಪಕ್ಕದ ಹೊಲಗಳಿಗಿಂತ ಹಲವು ಅಡಿ ಕೆಳಕ್ಕೆ ಇಳಿದುಬಿಟ್ಟಿದೆ. ಇಕ್ಕೆಲದ ದಂಡೆಗಳಲ್ಲಿ ಮರದ ಬೇರುಗಳು ಜೋತಾಡುತ್ತವೆ, ಹಗಲಿನಲ್ಲೂ ಮಬ್ಬುಗತ್ತಲೆ.

ಈ ಕೊರಕಲು ದಾರಿಗಳನ್ನು ಪುಸ್ತಕದಲ್ಲಿ ವರ್ಣಿಸಿದವನು ಇದೇ ಊರಿನ ಗಿಲ್ಬರ್ಟ್ ವೈಟ್. 1720ರಲ್ಲಿ ಸೆಲ್ಬೋರ್ನಿನ ಪಾದ್ರಿಯ ಮನೆಯಲ್ಲಿ ಹುಟ್ಟಿದ ಈತ ಬಾಳಿನ ಬಹುಭಾಗವನ್ನು ಇಲ್ಲಿಯೇ ಕಳೆದು, 1793ರಲ್ಲಿ ಇಲ್ಲಿಯೇ ಕಣ್ಮುಚ್ಚಿದ. ಥಾಮಸ್ ಪೆನೆಂಟ್ ಮತ್ತು ಡೇನ್ಸ್ ಬ್ಯಾರಿಂಗ್ಟನ್ ಎಂಬ ವಿದ್ವಾಂಸರಿಗೆ ಅವನು ಬರೆದ ಪತ್ರಗಳ ಸಂಕಲನವೇ 1789ರ ‘ದಿ ನ್ಯಾಚುರಲ್ ಹಿಸ್ಟರಿ ಅಂಡ್ ಆಂಟಿಕ್ವಿಟೀಸ್ ಆಫ್ ಸೆಲ್ಬೋರ್ನ್’. ನೋಡಲು ಒಂದೇ ಬಗೆಯಾಗಿ ಕಾಣುವ ಮೂರು ಪುಟ್ಟ ಉಲಿಯಕ್ಕಿಗಳು ಬೇರೆಬೇರೆ ಜಾತಿಯವೆಂದು ಕೂಗಿನ ವ್ಯತ್ಯಾಸದಿಂದ ಗುರುತಿಸಿದವನು ವೈಟ್. ನೆಲವನ್ನು ಸಡಿಲಗೊಳಿಸುವ ಎರೆಹುಳುವಿಲ್ಲದೆ ಬೇಸಾಯವಿಲ್ಲ ಎಂಬುದನ್ನೂ ಡಾರ್ವಿನ್ನನಿಗಿಂತ ಎಷ್ಟೋ ಮೊದಲೇ ಕಂಡುಕೊಂಡಿದ್ದ. ಇದಕ್ಕೆಲ್ಲ ಅವನಿಗೆ ಬೇಕಾದ ಉಪಕರಣಗಳು ಎರಡು ಕಾಲು, ಒಂದು ನೋಟ್‌ಬುಕ್, ಮತ್ತು ಅದೇ ದಾರಿಯಲ್ಲಿ ಮತ್ತೆಮತ್ತೆ ನಡೆಯುವ ತಾಳ್ಮೆ.

ವೈಟ್ ಬಾಳಿದ ‘ದಿ ವೇಕ್ಸ್’ ಮನೆ 1955ರಿಂದ ವಸ್ತುಸಂಗ್ರಹಾಲಯವಾಗಿದೆ. ಮನೆಯ ಹಿಂದೆ, ಊರಿಗಿಂತ 300 ಅಡಿ ಎತ್ತರಕ್ಕೆ ಸೀಮೆಸುಣ್ಣದ ಕಲ್ಲಿನ ಗುಡ್ಡ ಎದ್ದು ನಿಂತಿದೆ. ಬೀಚ್ ಮರಗಳ ಕಾಡು ಕವಿದ ಇದರ ಕಡಿದಾದ ಇಳಿಜಾರಿಗೆ ‘ಹ್ಯಾಂಗರ್’ ಎಂದು ಹೆಸರು. 1753ರಲ್ಲಿ ಗಿಲ್ಬರ್ಟ್ ಮತ್ತು ಅವನ ತಮ್ಮ ಜಾನ್ ಸೇರಿ ಈ ಗುಡ್ಡಕ್ಕೆ ಅಂಕುಡೊಂಕಾದ ದಾರಿಯೊಂದನ್ನು ಕಡಿದರು. ‘ಜಿಗ್‌ಜಾಗ್’ ಎಂದೇ ಕರೆಯುವ ಆ ದಾರಿಯನ್ನು ಇಂದೂ ಹತ್ತಬಹುದು. ಮೇಲಿನ ಬಯಲು ಊರವರು ದನ ಮೇಯಿಸುತ್ತಿದ್ದ ಗೋಮಾಳ. ಇದೀಗ ಅದು ನ್ಯಾಷನಲ್ ಟ್ರಸ್ಟಿನ ರಕ್ಷಣೆಯಲ್ಲಿದೆ.

ಗುಡ್ಡ ಇಳಿದು ಬಂದರೆ ‘ಪ್ಲೆಸ್ಟರ್’ ಎಂಬ ಊರ ಬಯಲು, ಅದರಾಚೆ ಸಂತ ಮೇರಿಯ ಚರ್ಚು. ಚರ್ಚಿನ ಅಂಗಳದಲ್ಲಿ ಭಾರೀ ಯೂ ಮರವೊಂದಿತ್ತು. ವೈಟ್ ಅಳೆದಾಗಲೇ ಅದರ ಕಾಂಡದ ಸುತ್ತಳತೆ 23 ಅಡಿ. 1990ರ ಜನವರಿಯ ಬಿರುಗಾಳಿಗೆ ಮರ ಉರುಳಿತು. ಅದನ್ನು ಎತ್ತಿ ನಿಲ್ಲಿಸುವ ಪ್ರಯತ್ನ ಫಲಿಸಲಿಲ್ಲ. ಅದರದೇ ಕೊಂಬೆಯಿಂದ ಬೆಳೆಸಿದ ಸಸಿಯನ್ನು ಅಂಗಳದಲ್ಲಿ ನೆಟ್ಟಿದ್ದಾರೆ. ಹೆಸರಿನ ಮೊದಲಕ್ಷರಗಳನ್ನೂ ಸತ್ತ ದಿನವನ್ನೂ ಮಾತ್ರ ಕೆತ್ತಿದ ಚಿಕ್ಕ ಕಲ್ಲೊಂದು ವೈಟ್‌ನ ಸಮಾಧಿಯನ್ನು ತೋರಿಸುತ್ತದೆ.

ಅಂಗಳದ ಹಿಂದಿನಿಂದ ಕಾಲುದಾರಿಯೊಂದು ಹುಲ್ಲುಗಾವಲಿಗಿಳಿದು, ತೊರೆ ದಾಟಿ, ‘ಶಾರ್ಟ್ ಲೈತ್’, ‘ಲಾಂಗ್ ಲೈತ್’ ಎಂಬ ಕಾಡಿನ ಇಳಿಜಾರುಗಳ ಮೂಲಕ ಹಳೆಯ ಸನ್ಯಾಸಿ ಮಠದ ನಿವೇಶನದ ಕಡೆಗೆ ಒಯ್ಯುತ್ತದೆ. 1233ರಲ್ಲಿ ವಿಂಚೆಸ್ಟರಿನ ಬಿಷಪ್ ಪೀಟರ್ ದೆ ರೋಷ್ ಸ್ಥಾಪಿಸಿದ ಮಠವಿದು. ಹದಿನೈದನೇ ಶತಮಾನದ ಕೊನೆಯ ಭಾಗದಲ್ಲಿ ಮಠ ಮುಚ್ಚಿಹೋಗಿ ಅದರ ಆಸ್ತಿಯೆಲ್ಲ ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿಗೆ ಸೇರಿತು. ಈಗ ಅಲ್ಲಿರುವುದು ಒಂದು ತೋಟದ ಮನೆ ಮಾತ್ರ. ಆದರೂ ಈ ನಡಿಗೆಯಿಂದ ಒಂದು ಒಗಟು ಬಿಡುತ್ತದೆ. ಸೆಲ್ಬೋರ್ನನ್ನು ಜಗತ್ತಿಗೆ ಪರಿಚಯಿಸಿದ ವೈಟ್ ಆ ಊರಿನ ಮುಖ್ಯ ಪಾದ್ರಿ ಎಂದೂ ಆಗಲಿಲ್ಲ, ಸಹಾಯಕನಾಗಿಯೇ ಉಳಿದ. ಮಠದ ಆಸ್ತಿಯೊಂದಿಗೆ ಪಾದ್ರಿಯನ್ನು ನೇಮಿಸುವ ಹಕ್ಕೂ ಮ್ಯಾಗ್ಡಲೆನ್ ಕಾಲೇಜಿನ ಪಾಲಾಗಿತ್ತು. ವೈಟ್ ಓದಿದ್ದು ಓರಿಯಲ್ ಕಾಲೇಜಿನಲ್ಲಿ!

ಇಷ್ಟು ಓದಿದವರಿಗೆ ಸೆಲ್ಬೋರ್ನ್ ಸದಾ ಶಾಂತವಾಗಿದ್ದ ಊರು ಎನ್ನಿಸಬಹುದು. ಅದು ಪೂರ್ತಿ ನಿಜವಲ್ಲ. ವೈಟ್ ತನ್ನ ಒಂದು ಪತ್ರದಲ್ಲಿ ಬಡವರು ಜೊಂಡುಹುಲ್ಲಿನ ತಿರುಳನ್ನು ಕೊಬ್ಬಿನಲ್ಲಿ ಅದ್ದಿ ದೀಪದ ಬತ್ತಿ ಮಾಡಿಕೊಳ್ಳುವ ಬಗೆಯನ್ನು ವಿವರಿಸಿದ್ದಾನೆ. ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ ಖರ್ಚಿನಲ್ಲಿ ಐದೂವರೆ ಗಂಟೆ ಬೆಳಕು ಸಿಗುತ್ತದೆಂದು ಲೆಕ್ಕ ಹಾಕಿದ್ದಾನೆ. ಕಾಲು ಪೆನ್ನಿಯನ್ನೂ ಎಣಿಸಿ ಬದುಕಬೇಕಿದ್ದ ಜನ ಅವರು. ವೈಟ್ ತೀರಿಕೊಂಡ 37 ವರ್ಷಗಳ ಬಳಿಕ ಅವರ ಸಹನೆ ಮುಗಿಯಿತು. ಕಡಿಮೆ ಕೂಲಿ, ಚಳಿಗಾಲದ ಕೆಲಸವನ್ನು ಕಸಿದ ಒಕ್ಕಣೆ ಯಂತ್ರ, ದುಬಾರಿ ರೊಟ್ಟಿ ಇವುಗಳಿಂದ ಬೆಂದಿದ್ದ ದಕ್ಷಿಣ ಇಂಗ್ಲೆಂಡಿನ ಕೂಲಿಕಾರರು 1830ರಲ್ಲಿ ದಂಗೆ ಎದ್ದರು. ನವೆಂಬರ್ 22ರಂದು ಸೆಲ್ಬೋರ್ನಿನಲ್ಲಿ ಜನ ಗುಂಪುಗೂಡಿ, ಪಾದ್ರಿಗೆ ಸಲ್ಲುತ್ತಿದ್ದ ದಶಾಂಶದ ಪಾಲನ್ನು ಇಳಿಸಬೇಕೆಂದು ಪಟ್ಟುಹಿಡಿದರು. ದಶಾಂಶ ಇಳಿದರೆ ರೈತರು ಕೂಲಿ ಹೆಚ್ಚಿಸಬಲ್ಲರು ಎಂಬುದು ಅವರ ವಾದ. ಬಡವರನ್ನು ಕೂಡಿಹಾಕುತ್ತಿದ್ದ ವರ್ಕ್‌ಹೌಸ್ ಕಟ್ಟಡವನ್ನು ಹಾಳುಗೆಡವಿದರು. ಮರುದಿನ ನೆರೆಯ ಹೆಡ್ಲಿಯ ವರ್ಕ್‌ಹೌಸಿಗೂ ಅದೇ ಗತಿಯಾಯಿತು. ವಿಂಚೆಸ್ಟರಿನಲ್ಲಿ ವಿಶೇಷ ನ್ಯಾಯಾಲಯ ಕೂತಿತು; ದಂಗೆಯಲ್ಲಿ ಸೇರಿದ್ದ ಹಲವರನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಕ್ಕೆ ಕಳುಹಿಸಲಾಯಿತು. ಹಕ್ಕಿಯ ಕೂಗಿಗೆ ಕಿವಿಗೊಟ್ಟು ವೈಟ್ ಅಲೆದ ಊರಿನಲ್ಲೇ ಹಸಿದವರು ಗುಂಪುಗಟ್ಟಿ ನಡೆದದ್ದು.

ಈ ದಾರಿಗಳು ತಮ್ಮಷ್ಟಕ್ಕೆ ಉಳಿದುಬಂದವಲ್ಲ. ಇಂಗ್ಲೆಂಡಿನ ನೆಲದ ಬಹುಪಾಲು ಖಾಸಗಿ ಒಡೆತನದ್ದು. ಅದರ ಮೇಲೆ ಮನಬಂದತ್ತ ಅಲೆಯುವ ಸಾಮಾನ್ಯ ಹಕ್ಕು ಯಾರಿಗೂ ಇಲ್ಲ. ಆದರೆ ಹೊಲ ಒಬ್ಬನದಾದರೂ ಅದರ ನಡುವಿನ ದಾರಿಯಲ್ಲಿ ನಡೆಯುವ ಹಕ್ಕು ಎಲ್ಲರದಾಗಿರಬಹುದು. ಇದನ್ನು ಸಾಬೀತು ಮಾಡುವುದೇ ಕಷ್ಟವಾಗಿತ್ತು. 1932ರ ಏಪ್ರಿಲ್‌ನಲ್ಲಿ ಡರ್ಬಿಶೈರಿನ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನೂರಾರು ಮಂದಿ, ಹೆಚ್ಚಾಗಿ ಮ್ಯಾಂಚೆಸ್ಟರಿನ ಯುವ ಕಾರ್ಮಿಕರು, ತಡೆಯನ್ನು ಲೆಕ್ಕಿಸದೆ ನುಗ್ಗಿದರು. ಐವರು ಜೈಲಿಗೆ ಹೋದರು. ಅದೇ ವರ್ಷ ಬಂದ ಕಾಯಿದೆಯೊಂದು, ಇಪ್ಪತ್ತು ವರ್ಷ ಜನ ಅಡ್ಡಿಯಿಲ್ಲದೆ ಹಕ್ಕಿನಿಂದ ನಡೆದ ದಾರಿಯನ್ನು ಸಾರ್ವಜನಿಕ ದಾರಿಯೆಂದು ಎಣಿಸಬಹುದೆಂದಿತು. 1949ರ ಕಾಯಿದೆ ಇಂಥ ದಾರಿಗಳನ್ನೆಲ್ಲ ಅಧಿಕೃತ ನಕ್ಷೆಗೆ ಏರಿಸುವಂತೆ ವಿಧಿಸಿತು. ಆಗ ದಾರಿದಾರಿಯನ್ನೂ ನಡೆದು ಪಟ್ಟಿ ಮಾಡುವ ಕೆಲಸದ ದೊಡ್ಡ ಪಾಲು ಬಿದ್ದದ್ದು ಪ್ಯಾರಿಷ್ ಕೌನ್ಸಿಲ್‌ಗಳ ಮೇಲೆ. ಇಂದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 2,25,000 ಕಿಲೋಮೀಟರ್‌ಗಳಷ್ಟು ಇಂಥ ದಾರಿಗಳು ದಾಖಲೆಯಲ್ಲಿವೆ.

ಹೋಗುವವರು ಒಂದೆರಡು ಸಂಗತಿ ತಿಳಿದಿರಬೇಕು. ಹಳದಿ ಬಾಣದ ಗುರುತಿರುವ ದಾರಿ ನಡೆಯುವವರಿಗೆ ಮೀಸಲು, ಅಲ್ಲಿ ಸೈಕಲ್ ಓಡಿಸುವ ಹಕ್ಕಿಲ್ಲ. ನೀಲಿ ಬಾಣದ ದಾರಿಗಳು ಕುದುರೆ ಸವಾರರಿಗೂ ಸಲ್ಲುತ್ತವೆ. 1968ರ ಕಾಯಿದೆಯ ನಂತರ ಅಲ್ಲಿ ಸೈಕಲ್ಲಿಗೂ ಅವಕಾಶವಿದೆ. ಆದರೆ ನಡೆಯುವವರಿಗೂ ಕುದುರೆಗಳಿಗೂ ಸೈಕಲ್ಲಿನವರು ದಾರಿ ಬಿಡಬೇಕು. ಸೈಕಲ್ ಇದ್ದವರು ಸುಮಾರು 6 ಕಿಲೋಮೀಟರ್ ದೂರದ ಚಾಟನ್ ಹಳ್ಳಿಗೂ ಹೋಗಿಬರಬಹುದು. ಕಾದಂಬರಿಗಾರ್ತಿ ಜೇನ್ ಆಸ್ಟಿನ್ 1809ರಿಂದ 1817ರವರೆಗೆ ಬಾಳಿದ ಮನೆ ಅಲ್ಲಿದೆ.

ನಕ್ಷೆಗೆ ಏರದೆ ಬಿಟ್ಟುಹೋದ ಹಳೆಯ ದಾರಿಗಳ ಕತೆ ಇನ್ನೂ ಮುಗಿದಿಲ್ಲ. ಅವುಗಳ ನೋಂದಣಿಗೆ 2000ದ ಕಾಯಿದೆ 2026ರ ಗಡುವು ಹಾಕಿತ್ತು. 2023ರಲ್ಲಿ ಅದನ್ನು 2031ಕ್ಕೆ ಮುಂದೂಡಲಾಯಿತು. 2024ರ ಡಿಸೆಂಬರಿನಲ್ಲಿ ಗಡುವನ್ನೇ ತೆಗೆದುಹಾಕುವುದಾಗಿ ಸರ್ಕಾರ ಘೋಷಿಸಿತು. ಹಳೆಯ ನಕ್ಷೆಗಳನ್ನೂ ಪ್ಯಾರಿಷ್ ದಾಖಲೆಗಳನ್ನೂ ತಡಕಿ, ಮರೆತ ದಾರಿಗಳಿಗೆ ಪುರಾವೆ ಹುಡುಕುವ ಕೆಲಸದಲ್ಲಿ ಸಾಮಾನ್ಯ ಜನರೇ ತೊಡಗಿದ್ದಾರೆ. ಬೇಲಿ ಹಾಕಲು ಒಂದು ದಿನ ಸಾಕು. ದಾರಿಯಾಗಲು ತಲೆಮಾರುಗಳೇ ಬೇಕು. ಸೆಲ್ಬೋರ್ನಿನಂಥ ಊರಿನಲ್ಲಿ ನಡೆಯುವ ಪ್ರವಾಸಿಯೂ ಅರಿವಿಲ್ಲದೆಯೇ ಆ ದಾರಿಯನ್ನು ಮುಂದಿನವರಿಗಾಗಿ ಸವೆಸಿ ಇಡುತ್ತಾನೆ.